ನಲವತ್ತೆಂಟು ಕಡ್ಡಿಯ ಚಕ್ರಗಳು

ನಮ್ಮ ಮನೆಯ ಮುಂಬಾಗಿಲು ನೇರ ಶೆಡ್ಡಿಗೆ ತೆರೆಯುತ್ತಿತ್ತು. ಶೆಡ್ಡು ದಾಟಿದರೆ ಮೂಡಿಗೆರೆ ಬಸ್‌ಸ್ಟ್ಯಾಂಡಿಗೆ ಹೋಗುವ ರಸ್ತೆ. ನಮ್ಮ ಮನೆಯವರು ಮೆಕ್ಯಾನಿಕ್. ಸ್ಪ್ಯಾನರ್ ಕೆಳಗಿಟ್ಟು ಊಟಕ್ಕೆ ಬಂದು ಕೂರಲು ಹತ್ತು ಹೆಜ್ಜೆ ಸಾಕಿತ್ತು. ಎಂಬತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ ಆ ಹತ್ತು ಹೆಜ್ಜೆಯ ಜಾಗದಲ್ಲಿ ಒಂದು ಹಳೆಯ ಇಂಗ್ಲಿಷ್ ಕಾರು, ಚಕ್ರವಿಲ್ಲದೆ, ನಾಲ್ಕು ಸಿಲ್ವರ್ ಓಕ್ ಕೊರಡುಗಳ ಮೇಲೆ ಕೂತುಬಿಟ್ಟಿತ್ತು. ಹೊಸ್ತಿಲಿಗೂ ಅದರ ಮಡ್‌ಗಾರ್ಡಿಗೂ ನಡುವೆ ಒಂದು ಮೊಳ ಜಾಗ. ಕೊಡ ಹಿಡಿದುಕೊಂಡರೆ ಅಡ್ಡ ತಿರುಗಿ ನಡೆಯಬೇಕು. ಮನೆಯ ಹಿಂದೆ ಆಳೆತ್ತರಕ್ಕೆ ಕಡಿದ ಮಣ್ಣಿನ ಧರೆ. ಅಲ್ಲಿ ದಾರಿಯೇ ಇಲ್ಲ. ಅಡುಗೆಮನೆಗೆ ಬರುತ್ತಿದ್ದ ಬೆಳಕು ಕೂಡ ಆ ಕಾರನ್ನು ಹತ್ತಿ ಇಳಿದೇ ಬರಬೇಕಿತ್ತು.

ಎರಡೇ ಸೀಟಿನ ಕಾರು. ಉದ್ದನೆಯ ಮೂತಿ, ಬಟ್ಟೆಯ ಹುಡ್. ತೋಟ ಬಿಟ್ಟು ತನ್ನ ದೇಶಕ್ಕೆ ಹೊರಟ ದೊರೆಯೊಬ್ಬನಿಂದ ಗೋಣಿಬೀಡಿನ ಕಡೆಯ ಒಬ್ಬ ದೊಡ್ಡ ಗೌಡರು ಕೊಂಡದ್ದು. ಅವರು ತೀರಿಹೋದ ಮೇಲೆ ಅದು ಚಕ್ರ ಬಿಚ್ಚಿಸಿಕೊಂಡು ಬಂಗಲೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ನಿಂತಿತ್ತು. ಅವರ ಮಗನಿಗೆ, ಅಂದರೆ ಈಗಿನ ಗೌಡರಿಗೆ, ಅದು ಓಡಬೇಕಿತ್ತು. ಮೇ ಕೊನೆಯಲ್ಲಿ ಈ ಗೌಡರ ಒಬ್ಬಳೇ ಮಗಳ ಮದುವೆ. ಗಂಡಿನ ಮನೆ ಕಳಸದಲ್ಲಿ. ಮದುಮಕ್ಕಳು ಇದೇ ಕಾರಿನಲ್ಲಿ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗಬೇಕು ಎಂಬುದು ಅವರ ಆಸೆ. ಫೆಬ್ರವರಿಯಲ್ಲಿ ಕಾರನ್ನು ಲಾರಿಯ ಮೇಲೆ ಹೇರಿಸಿ ತಂದು ನಮ್ಮ ಶೆಡ್ಡಿನಲ್ಲಿ ಇಳಿಸಿದರು. ಚಕ್ರಗಳನ್ನು ಆಮೇಲೆ ಕಳಿಸುತ್ತೇನೆ ಎಂದರು.

ಎಂಜಿನ್, ಬ್ರೇಕು, ವೈರಿಂಗ್ ಎಲ್ಲವನ್ನೂ ನಮ್ಮ ಮನೆಯವರು ಒಬ್ಬರೇ ಮುಗಿಸಿದರು. ಆಮೇಲೆ ಒಂದು ದಿನ ಹಿಂದಿನ ಕೊರಡನ್ನು ಸರಿಪಡಿಸುವಾಗ ಜಾಕಿ ಜಾರಿತು. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ನಾನು, "ಅಲ್‌ಹಮ್ದುಲಿಲ್ಲಾಹ್, ತಲೆ ಅಡಿಗೆ ಇರ್ಲಿಲ್ಲ" ಎಂದು ದೇವರಿಗೆ ಕೃತಜ್ಞತೆ ಹೇಳಿದೆ. ಇವರಿಗೆ ಸಿಟ್ಟು ಬಂತು.

"ಕೈ ಮುರಿದ್ರೂ ಶುಕ್ರ್ ಹೇಳ್ತೀಯಲ್ಲ ಮಾರಾಯ್ತಿ! ಇನ್ನೊಂದು ಕೈಯೂ ಹೋಗಿದ್ರೆ ಪಾಯಸ ಮಾಡ್ತಿದ್ಯಾ?"

ನಮ್ಮ ಮನೆಮಾತು ಬ್ಯಾರಿ. ನಾವು ಆಡಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಮಾತ್ರ ಎರಡು ಭಾಷೆಯಲ್ಲೂ ಒಂದೇ ಥರ ಇತ್ತು.

ನನಗೆ ಮದುವೆಯಾದಾಗಿನಿಂದ ಒಂದು ಅಭ್ಯಾಸ. ಪ್ರತಿ ದಿನ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಚಾಪೆಯ ಮೇಲೇ ಕೂತು, ಆ ದಿನ ಸಿಕ್ಕಿದ ಮೂರು ಸಣ್ಣ ದಯೆಗಳನ್ನು ನೆನೆಯುವುದು. ದೊಡ್ಡದು ಬೇಡ, ಸಣ್ಣದು. ಹಾಲು ಒಡೆಯಲಿಲ್ಲ, ಮಕ್ಕಳ ಜ್ವರ ಇಳಿಯಿತು, ಅಂಥವು. ಆ ಬೇಸಗೆಯಲ್ಲಿ ಮೂರನೆಯದನ್ನು ಹುಡುಕಲು ಬಹಳ ಹೊತ್ತು ಕೂರಬೇಕಾಗುತ್ತಿತ್ತು. ಹೆಣ್ಣುಮಕ್ಕಳಿಬ್ಬರನ್ನೂ ರಜೆಗೆ ತವರಿಗೆ ಕಳಿಸಿದ್ದೆ. ಶೆಡ್ಡಿನಲ್ಲಿ ಹಿಡಿಯುವುದು ಒಂದೇ ಗಾಡಿ. ಆ ಕಾರು ಹೊರಗೆ ಹೋಗದೆ ಇನ್ನೊಂದು ಜೀಪು ಒಳಗೆ ಬರುವಂತಿರಲಿಲ್ಲ. ಬಂದವರು ರಸ್ತೆಯಿಂದಲೇ ಇಣುಕಿ, "ಇನ್ನೂ ಇದೆಯಾ ಅದು?" ಎಂದು ಕೇಳಿ ಬೇರೆ ಗ್ಯಾರೇಜಿಗೆ ಹೋಗುತ್ತಿದ್ದರು. ನಮ್ಮಲ್ಲಿದ್ದ ಒಬ್ಬನೇ ಕೆಲಸದಾಳೂ ಅವರ ಹಿಂದೆಯೇ ಹೋದ.

ತಾತ್ಕಾಲಿಕವಾಗಿ ಬೇರೆ ಯಾವುದಾದರೂ ಚಕ್ರ ಹಾಕಿ ಹೊರಗೆ ತಳ್ಳಬಾರದೇ ಎಂದು ನಾನು ಕೇಳಿದ್ದೆ. ಇವರು ನನ್ನನ್ನು ಕರೆದು ಚಕ್ರ ಕೂರುವ ಹಬ್ ತೋರಿಸಿದರು. ಜೀಪಿಗೋ ಅಂಬಾಸಿಡರಿಗೋ ಇರುವಂತೆ ಬೋಲ್ಟುಗಳೇ ಇಲ್ಲ. ಹಬ್ಬಿನ ಸುತ್ತ ಉದ್ದುದ್ದ ಹಲ್ಲುಗಳು. ಚಕ್ರದ ಹೊಟ್ಟೆಯೊಳಗೂ ಅದಕ್ಕೆ ಕೂಡುವ ಹಲ್ಲು. ತಳ್ಳಿ ಕೂರಿಸಿ, ಮೇಲೆ ಎರಡು ಕಿವಿಯ ದೊಡ್ಡ ನಟ್ಟು ತಿರುಗಿಸಿ, ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿಯುವುದು. "ಇದಕ್ಕೆ ಇದರದ್ದೇ ಚಕ್ರ ಆಗ್ಬೇಕು. ಬೇರೆ ಯಾವ ಗಾಡೀದೂ ಕೂರೂದಿಲ್ಲ," ಎಂದರು. ಅಂದರೆ ಚಕ್ರ ಬರುವವರೆಗೆ ಕಾರೂ ಒಳಗೆ, ನಾವೂ ಒಳಗೆ.

ಏಪ್ರಿಲ್ ಕೊನೆಯಲ್ಲಿ ಗೌಡರು ಜೀಪಿನಲ್ಲಿ ಐದು ಚಕ್ರ ತಂದರು. ಸೈಕಲ್ ಚಕ್ರದ ಹಾಗೆ ಕಡ್ಡಿಯವು, ಒಂದೊಂದಕ್ಕೆ ನಲವತ್ತೆಂಟು. ಹೊಸದಾಗಿ ಬೆಳ್ಳಿ ಬಣ್ಣ ಬಳಿದು ಫಳಫಳ ಹೊಳೆಯುತ್ತಿದ್ದವು.

"ನೋಡಿ ಸಾಬ್ರೇ, ಮದುವೆ ಹೆಣ್ಣಿಗಿಂತ ಮೊದ್ಲು ಇವೇ ರೆಡಿ! ನಮ್ ಮೇಸ್ತ್ರಿ ಪೇಂಟ್ ಹೊಡ್ಸಿಟ್ಟಿದ್ದ. ಇನ್ನೇನು, ಸಿಕ್ಸೋದೊಂದೇ ಕೆಲ್ಸ ಅಲ್ದಾ?"

"ಕಡ್ಡಿ ಬಿಗಿ ನೋಡ್ಬೇಕು ಗೌಡ್ರೇ. ಹತ್ತು ದಿನ ಕೊಡಿ," ಎಂದರು ಇವರು.

"ಕೈ?"

"ಕೈ ಇದೆಯಲ್ಲ," ಎಂದು ನನ್ನ ಕಡೆ ನೋಡಿದರು. ಪ್ಲಾಸ್ಟರ್ ತೆಗೆದಿದ್ದರೂ ಇವರ ಬೆರಳುಗಳು ಸ್ಪ್ಯಾನರನ್ನು ಹಿಡಿಯುತ್ತಿರಲಿಲ್ಲ. ಹಾಗೆ ನಾನು ಆ ಕೆಲಸಕ್ಕೆ ಸೇರಿದೆ.

ಮೊದಲು ಹಲ್ಲು ನೋಡಿದೆವು. ಸವೆದ ಹಲ್ಲು ಗರಗಸದ ಹಾಗೆ ಚೂಪಾಗಿರುತ್ತದೆ. ನಮ್ಮವು ತುದಿ ಚಪ್ಪಟೆಯಾಗಿ ಚೆನ್ನಾಗಿದ್ದವು. ಇವರು ಮುಖ ಅರಳಿಸಿ, "ಅರ್ಧ ಗೆದ್ದ ಹಾಗೆ," ಎಂದರು. ನಾನು ಅದನ್ನು ಆ ದಿನದ ಮೂರರಲ್ಲಿ ಒಂದಾಗಿ ಇಟ್ಟುಕೊಂಡೆ.

ಕಡ್ಡಿ ಬಿಗಿಯುವುದನ್ನು ಕಲಿಸಿದವರು ಎದುರಿನ ಸೈಕಲ್ ಶಾಪಿನವರು. ಚಕ್ರಗಳ ಜೊತೆ ಬಂದಿದ್ದ ಹಳೆಯ ಹಬ್ಬೊಂದನ್ನು ಮರದ ದಿಮ್ಮಿಗೆ ಭದ್ರ ಮಾಡಿ ಅದರ ಮೇಲೆ ಚಕ್ರ ಕೂರಿಸಬೇಕು. ರಿಮ್ಮಿಗೆ ತಾಗಿಯೂ ತಾಗದ ಹಾಗೆ ಒಂದು ಸೀಮೆಸುಣ್ಣ ಕಟ್ಟಿ ಚಕ್ರ ತಿರುಗಿಸಬೇಕು. ಎಲ್ಲಿ ಬೆಂಡಿದೆಯೋ ಅಲ್ಲಿ ಬಿಳಿ ಗೀಟು ಬೀಳುತ್ತದೆ. ಆ ಕಡೆಯ ಕಡ್ಡಿಯ ತುದಿಯ ಪುಟ್ಟ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಎದುರಿನದನ್ನು ಅರ್ಧ ಸುತ್ತು ಬಿಗಿಯಬೇಕು. ಒಂದೇ ಸಲ ಪೂರ್ತಿ ಬಿಗಿಯಬಾರದು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಅಳುತ್ತದೆ. ಬಿಗಿ ಸರಿಯಿದೆಯೇ ಎಂದು ತಿಳಿಯಲು ಚಮಚದಿಂದ ಕಡ್ಡಿಯನ್ನು ತಟ್ಟಿ ಕೇಳಬೇಕು. ಬಿಗಿಯಿದ್ದರೆ 'ಟಿಂಗ್', ಇಲ್ಲದಿದ್ದರೆ 'ಟಪ್'.

ರಂಜಾನ್ ಶುರುವಾಗಿತ್ತು. ಉಪವಾಸದ ಬಾಯಿ ಒಣಗಿರುತ್ತಿತ್ತು. ತಸ್ಬೀಹ್ ಮಣಿ ಎಣಿಸುವ ಹಾಗೆ ಒಂದೊಂದು ಕಡ್ಡಿಗೂ ಒಂದೊಂದು ಸಲ ಅಲ್ಲಾಹನ ಹೆಸರು ಹೇಳಿ ತಟ್ಟುತ್ತಿದ್ದೆ. ಸೈಕಲ್ ಶಾಪಿನವರು ಇಣುಕಿ ನೋಡಿ, "ಅಕ್ಕ, ಹಿಂಗೇ ಆದ್ರೆ ನಾನು ಅಂಗಡಿ ಬಾಗ್ಲು ಹಾಕ್ಕೊಂಡು ನಿಮ್ಮಲ್ಲೇ ಕೂಲಿಗೆ ಬರದೇ ಸೈ," ಎಂದು ನಗಾಡಿದರು.

ಮೂರು ದಿನಕ್ಕೆ ಮೊದಲ ಚಕ್ರ ಸುಣ್ಣ ತಾಗದ ಹಾಗೆ ತಿರುಗಿತು. ಇವರು ಎಡಗೈಯಲ್ಲಿ ನನ್ನ ಬೆನ್ನು ತಟ್ಟಿದರು. ಮರುದಿನ ಬೆಳಿಗ್ಗೆ ತಿರುಗಿಸಿದರೆ ಮತ್ತೆ ಬಿಳಿ ಗೀಟು. ಹಿಂದಿನ ದಿನ 'ಟಿಂಗ್' ಎಂದ ಎಂಟು ಹತ್ತು ಕಡ್ಡಿ 'ಟಪ್' ಎನ್ನುತ್ತಿದ್ದವು. ನನ್ನ ಕೈಯ ತಪ್ಪೆಂದುಕೊಂಡು ಮತ್ತೆ ಬಿಗಿದೆ. ಎರಡನೆಯ ಚಕ್ರವೂ ಹಾಗೇ ಆಯಿತು. ಹತ್ತು ದಿನದಲ್ಲಿ ಆರು ಹೋಗಿತ್ತು.

"ನೀನು ಹೆದರ್ಕೊಂಡು ಬಿಗೀತಿದ್ದೀ. ಕೈಯಲ್ಲಿ ಜೀವ ಇಲ್ಲ," ಎಂದರು ಇವರು. ಜೀವ ಇದ್ದ ಕೈ ಅವರ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಮತ್ತೆ ಸ್ಪ್ಯಾನರ್ ಎತ್ತಿಕೊಂಡೆ.

ಏಳನೆಯ ದಿನ, ಪದೇ ಪದೇ ಸಡಿಲಾಗುವ ಕಡ್ಡಿಗಳೆಲ್ಲ ಚಕ್ರದ ಒಂದೇ ಮಗ್ಗುಲಲ್ಲಿವೆ, ಸಡಿಲಾಗುವುದೂ ರಿಮ್ಮಿನ ಕಡೆಯ ತುದಿಯಲ್ಲೇ ಎಂದು ಗಮನಕ್ಕೆ ಬಂತು. ಅಲ್ಲಿ ಬೆಳ್ಳಿ ಬಣ್ಣವೂ ದಪ್ಪಗಿತ್ತು. ಪಾತ್ರೆ ತಿಕ್ಕುವ ತಂತಿಯಿಂದ ಒಂದು ಕಡ್ಡಿಯ ಬುಡ ಉಜ್ಜಿದೆ. ಒಳಗಿನಿಂದ ಕಬ್ಬಿಣದ ಬಣ್ಣ ಬರಲಿಲ್ಲ. ಕಂದು ತುಕ್ಕೂ ಅಲ್ಲ. ಹಂಡೆಯ ತಳದ ಹಾಗೆ ಕೆಂಪಗೆ, ನುಣ್ಣಗೆ ಹೊಳೆಯಿತು.

ಆ ಕೆಂಪನ್ನು ನಾನು ಬಲ್ಲೆ.

ನನ್ನ ಅಪ್ಪ ತೋಟದಲ್ಲಿ ಔಷಧಿ ಹೊಡೆಯುವ ಗ್ಯಾಂಗಿನಲ್ಲಿದ್ದರು. ಮಳೆಗೆ ಮೊದಲು ಕಾಫಿ ಗಿಡಗಳಿಗೆ ಹೊಡೆಯುವ ಮೈಲುತುತ್ತದ ನೀಲಿ ನೀರನ್ನು ಕಲಸುವುದು ಅವರ ಕೆಲಸ. ಒಮ್ಮೆ ಅಮ್ಮನ ಕಬ್ಬಿಣದ ಸೌಟನ್ನು ಕೇಳದೆ ಒಯ್ದು ಅದರಲ್ಲಿ ಕಲಸಿದರು. ಸಂಜೆ ಸೌಟು ತಾಮ್ರದ್ದಾಗಿ ಬಂತು! ನಾವು ಮಕ್ಕಳೆಲ್ಲ ಮ್ಯಾಜಿಕ್ ನೋಡಿದ ಹಾಗೆ ನೋಡಿದೆವು. ಅಮ್ಮ ಬೈದು ಅದನ್ನು ಅವರಿಗೇ ಬಿಟ್ಟುಕೊಟ್ಟಳು. ಎರಡೇ ವರ್ಷಕ್ಕೆ ಆ ಸೌಟಿನ ಹಿಡಿ ಹುಲ್ಲುಕಡ್ಡಿಯಷ್ಟಾಗಿ, ಒಂದು ದಿನ ಅಪ್ಪನ ಕೈಯಲ್ಲೇ ಮುರಿಯಿತು. ನೀಲಿ ನೀರು ಕಬ್ಬಿಣಕ್ಕೆ ತಾಮ್ರದ ಅಂಗಿ ತೊಡಿಸಿ, ಒಳಗಿನಿಂದ ಅದನ್ನು ತಿನ್ನುತ್ತದೆ ಎಂದು ಅಪ್ಪ ಹೇಳಿದ್ದರು.

ಐದೂ ಚಕ್ರಗಳನ್ನು ಉಜ್ಜಿದೆ. ಐದರಲ್ಲೂ ಒಂದು ಮಗ್ಗುಲು ಕೆಂಪು. ಇಕ್ಕಳದಲ್ಲಿ ಹಿಡಿದು ಬಾಗಿಸಿದ ಒಂದು ಕಡ್ಡಿ ಬಾಗಲೇ ಇಲ್ಲ; ಒಣಗಿದ ಬೆತ್ತದ ಹಾಗೆ ಮುರಿಯಿತು.

ಇವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಮೇಲ್ಮೈ ಬಣ್ಣ ಅಷ್ಟೇ. ಅದರಿಂದ ಎಂತ ಆಗ್ತದೆ?"

"ಮುರಿದದ್ದು ಕಾಣೂದಿಲ್ವಾ ನಿಮಗೆ?"

"ಒಂದು ಮುರೀತು. ಆ ಚಕ್ರಕ್ಕೆ ಇನ್ನೂ ನಲವತ್ತೇಳಿದೆ."

ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಹತ್ತು ದಿನವೆಂದು ಮಾತು ಕೊಟ್ಟಿದ್ದರು. ಹೊಸ ಕಡ್ಡಿ ಬರಬೇಕಾದರೆ ಹಡಗಿನಲ್ಲಿ ಬರಬೇಕು. ಮದುವೆಯಲ್ಲ, ಮಗುವಿನ ನಾಮಕರಣವೂ ಮುಗಿದಿರುತ್ತದೆ. ಸೈಕಲ್ಲಿನ ಕಡ್ಡಿ ತೆಳು, ಮೋಟಾರ್‌ಸೈಕಲ್ಲಿನದು ಗಿಡ್ಡ. ಕಡ್ಡಿ ಚಕ್ರ ಆಗುವುದಿಲ್ಲ ಎಂದರೆ ಆ ಕಾರು ಇನ್ನು ಎಷ್ಟು ತಿಂಗಳು ನಮ್ಮ ಹೊಸ್ತಿಲಲ್ಲೇ ಇರುತ್ತದೋ ಹೇಳುವವರಿರಲಿಲ್ಲ. ಮಳೆ ಹಿಡಿದರೆ ಜೀಪುಗಳ ಕೆಲಸವೇ ನಮಗೆ ಅನ್ನ. ಇದೆಲ್ಲ ನನಗೂ ಗೊತ್ತಿತ್ತು.

ಸೈಕಲ್ ಶಾಪಿನವರು ಕರುಣೆಯಿಂದಲೇ ಒಂದು ಉಪಾಯ ಹೇಳಿದರು. "ಅಕ್ಕ, ಇನ್ನೊಂದು ಕೋಟ್ ಬೆಳ್ಳಿ ಹೊಡೀರಿ. ಒಂದ್ಸಲ ಕಳಸಕ್ಕೆ ಹೋಗಿ ಬರ್ಲಿಕ್ಕೆ ಎಂತ ಆಗಲ್ಲ. ಆಮೇಲೆ ಅದು ಬಂಗ್ಲೆ ಸೇರಿದ್ರೆ ಯಾರ್ ತೆಗೀತಾರೆ ಹೊರಗೆ?" ಬಣ್ಣದ ಡಬ್ಬಿಯನ್ನೂ ಬ್ರಷ್ಷನ್ನೂ ಅವರೇ ತಂದಿಟ್ಟು ಹೋದರು.

ಆ ಡಬ್ಬಿ ಎರಡು ದಿನ ಹೊಸ್ತಿಲ ಪಕ್ಕದಲ್ಲಿತ್ತು. ನಾನು ಸುಳ್ಳು ಹೇಳುವುದಿಲ್ಲ: ಒಂದು ಮಧ್ಯಾಹ್ನ ಅದರ ಮುಚ್ಚಳ ತೆಗೆದು ಬ್ರಷ್ ಅದ್ದಿದ್ದೆ. ಒಂದು ಕಡ್ಡಿಗೆ ಬಳಿದೂ ನೋಡಿದೆ. ಎಷ್ಟು ಚೆಂದ ಮುಚ್ಚಿತು! ನಾಲ್ಕು ಚಕ್ರ ಹಾಕಿ ತಳ್ಳಿಬಿಟ್ಟರೆ ಸಂಜೆಗೆ ನನ್ನ ಬಾಗಿಲು ಖಾಲಿ. ಕೊಡ ನೆಟ್ಟಗೆ ಹಿಡಿದು ನಡೆಯಬಹುದು. ಅಸರ್ ಮುಗಿಸಿ ಕೂತಾಗ ಆ ದಿನ ಒಂದು ದಯೆಯೂ ನೆನಪಿಗೆ ಬರಲಿಲ್ಲ. ಕೊಟ್ಟಿಗೆಹಾರದಾಚೆಯ ತಿರುವುಗಳೇ ಕಣ್ಣಿಗೆ ಬಂದವು. ಗೌಡರ ಆ ಮಗಳನ್ನು ನಾನು ಒಮ್ಮೆ ನೋಡಿದ್ದೆ. ಜೀಪಿನಿಂದ ಇಳಿದು, "ಅಮ್ಮಾ, ನೀರು ಕೊಡ್ತೀರಾ," ಎಂದು ಕೇಳಿ, ಕುಡಿದ ಲೋಟವನ್ನು ತೊಳೆದೇ ಕೊಟ್ಟವಳು.

ಹತ್ತನೆಯ ದಿನ ಗೌಡರು ಬಂದರು. ಇವರು ಎದ್ದು ನಿಂತು, ಇನ್ನೂ ಎರಡು ದಿನ ಬೇಕು ಎಂದು ಹೇಳತೊಡಗಿದರು. ಗಿರಾಕಿಗಳು ಬಂದಾಗ ನಾನು ಚಹಾ ಕೊಟ್ಟು ಒಳಗೆ ಹೋಗುವವಳು. ಆ ದಿನ ಹೋಗಲಿಲ್ಲ. ಹೋಗಲು ಜಾಗವೂ ಇರಲಿಲ್ಲ. ಕಾರಿಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡು ಒಂದು ಚಕ್ರ ಹಿಡಿದು ನಿಂತಿದ್ದೆ.

"ಗೌಡ್ರೇ, ಈ ಚಕ್ರ ಎಲ್ಲಿಟ್ಟಿದ್ರಿ ಇಷ್ಟು ವರ್ಷ?"

ಗೌಡರು ಬೆಚ್ಚಿ ನನ್ನನ್ನು ನೋಡಿದರು. "ಔಷಧಿ ಗೋಡೌನಲ್ಲಿ. ಯಾಕಮ್ಮಾ?"

"ಮೈಲುತುತ್ತದ ಚೀಲ ಇಡೋ ಜಾಗವಾ?"

"ಹ್ಞೂಂ. ನೆಲ ಜೌಗು ಅಂತ ಮೇಸ್ತ್ರಿ ಇವನ್ನ ಕೆಳಗ್ ಹಾಸಿ, ಚೀಲಾನ ಮೇಲೆ ಪೇರಿಸ್ತಿದ್ದ. ಕಬ್ಬಿಣ ಅಲ್ವಾ, ಏನಾಗತ್ತೆ?"

"ಇವಳೇ, ಒಳಗೆ ಹೋಗು," ಎಂದರು ಇವರು.

ನಾನು ಚಕ್ರವನ್ನು ಗೌಡರ ಮುಂದಿಟ್ಟೆ. "ಈ ಕೆಂಪು ಕಾಣೋ ಕಡ್ಡೀನ ಹೆಬ್ಬೆಟ್ಟಲ್ಲಿ ಒತ್ತಿ ನೋಡಿ."

ಅವರು ತಮಾಷೆಗೆಂಬಂತೆ ಒತ್ತಿದರು. 'ಟಕ್' ಎಂದು ಮುರಿಯಿತು. ಪಕ್ಕದ್ದನ್ನು ಒತ್ತಿದರು. ಅದೂ ಮುರಿಯಿತು. ಮೂರನೆಯದನ್ನು ಒತ್ತಲು ಹೋಗಿ ಕೈ ಹಿಂದೆ ತೆಗೆದುಕೊಂಡರು. ಮುಖ ಕೆಂಪಾಯಿತು. ನಮ್ಮ ಮೇಲೆ ಸಿಟ್ಟೋ, ಮೇಸ್ತ್ರಿಯ ಮೇಲೋ, ತಮ್ಮ ಮೇಲೆಯೇ ಆಗಿತ್ತೋ ಗೊತ್ತಾಗಲಿಲ್ಲ.

"ಈ ಕಾರಲ್ಲಿ ನಮ್ಮಪ್ಪಯ್ಯ ಬತ್ತಿದ್ರೆ ಬಿಸಿಲಿಗೆ ಆ ಕಡ್ಡಿ ಮಿಂಚದು ಕಂಡೇ ಆಳುಗಳು ಗೇಟು ತೆಗೀತಿದ್ರು. ಕಡ್ಡಿ ಚಕ್ರ ಇಲ್ದೆ ಇದು ಅಪ್ಪಯ್ಯನ ಕಾರಲ್ಲ," ಎಂದರು. ಚಹಾ ಮುಟ್ಟದೆ ಜೀಪು ಹತ್ತಿದರು.

ಆಮೇಲೆ ಎರಡು ದಿನ ಇವರು ನನ್ನೊಡನೆ ಮಾತಾಡಲಿಲ್ಲ. ಮೂರು ಹೆಜ್ಜೆ ಅಗಲದ ಮನೆಯಲ್ಲಿ, ಬಾಗಿಲಿಗೆ ಅಡ್ಡ ಕಾರಿರುವಾಗ, ಮಾತಾಡದೆ ಇರುವುದು ಎಂಥ ಕಷ್ಟವೆಂದು ಅದನ್ನು ಪಟ್ಟವರಿಗೇ ಗೊತ್ತು. ಒಬ್ಬರು ಹೊರಗೆ ಹೋಗಬೇಕಾದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ದಾರಿ ಬಿಡುತ್ತಿದ್ದೆವು, ಮುಖ ನೋಡುತ್ತಿರಲಿಲ್ಲ. ನಾನು ಮಾಡಿದ್ದು ಸರಿ ಎಂದು ನನಗೆ ಅನುಮಾನವಿರಲಿಲ್ಲ. ಆದರೆ ಸರಿಯಾದದ್ದನ್ನು ಮಾಡಿದ ಮೇಲೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಎದೆಯ ಮೇಲೆ ಆ ಕಾರೇ ಕೂತ ಹಾಗಿತ್ತು.

ಮೂರನೆಯ ದಿನ ಸಂಜೆ ಖರ್ಜೂರ ಬಾಯಿಗಿಟ್ಟು ಉಪವಾಸ ಬಿಡುವಾಗ ಇವರು ಗೋಡೆಯ ಕಡೆ ನೋಡುತ್ತಾ ಹೇಳಿದರು:

"ಆ ಟ್ರೇಲರಿಗೆ ಐದು ಬೋಲ್ಟು."

"ಯಾವ ಟ್ರೇಲರು?" ಮೊದಲ ಮಾತಾದ್ದರಿಂದ ಬೇಗನೆ ಕೇಳಿಬಿಟ್ಟೆ.

"ಗೌಡ್ರ ತೋಟದ್ದು. ಕಾಫಿ ಹಣ್ಣು ಹೇರಿ ತರ್ತಾರಲ್ಲ, ಅದು. ಅದು ಟ್ರೇಲರಲ್ಲ ಮಾರಾಯ್ತಿ, ಕಾರು! ಅದೇ ದೊರೆಯ ಇನ್ನೊಂದು ಕಾರು, ನಾಲ್ಕು ಬಾಗಿಲಿಂದು. ಮೇಲಿನ ಬಾಡಿ ಕತ್ತರಿಸಿ, ಹಲಗೆ ಹೊಡೆದು, ಟ್ರ್ಯಾಕ್ಟರಿಗೆ ಕಟ್ಟಿಕೊಟ್ಟವ ನಾನೇ. ಇದೇ ಕಂಪೆನೀದು. ಆ್ಯಕ್ಸಲ್ ಒಂದೇ ಅಳತೆ ಇರ್ಬೇಕು. ಅದರ ಹಬ್ಬೂ ಡ್ರಮ್ಮೂ ಬಿಚ್ಚಿ ಇದಕ್ಕೆ ಹಾಕಿದ್ರೆ, ಅದರ ತಗಡಿನ ಚಕ್ರವೇ ಕೂರ್ತದೆ."

"ಕೂರ್ತದೆ ಅಂತ ಖಾತ್ರಿಯಾ?"

"ಅಳೀದೆ ಹೆಂಗೆ ಹೇಳ್ಲಿ? ನಾಳೆ ಹೋಗುವ. ನೀನೂ ಬಾ. ಅಳೀಲಿಕ್ಕೆ ಕೈ ಬೇಕಲ್ಲ."

ಆ ದಿನದ ಮೂರು ದಯೆಗಳನ್ನು ಹುಡುಕಬೇಕಾಗಲಿಲ್ಲ.

ಬೆಳಿಗ್ಗೆ ಗೋಣಿಬೀಡಿನ ಬಸ್ಸು ಹಿಡಿದು, ಇಳಿದು, ಒಂದೂವರೆ ಮೈಲಿ ನಡೆದೆವು. ಕೊಯ್ಲು ಮುಗಿದು ತಿಂಗಳುಗಳಾಗಿದ್ದರಿಂದ ಟ್ರೇಲರ್, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಖಾಲಿ ನಿಂತಿತ್ತು. ನಾಲ್ಕೂ ತಗಡಿನ ಚಕ್ರ. ಕಡ್ಡಿಯಿಲ್ಲ, ಹೊಳಪಿಲ್ಲ, ಕೆಮ್ಮಣ್ಣು ಮೆತ್ತಿದ ಗುಂಡನೆಯ ತಟ್ಟೆಗಳು. ಪ್ರತಿ ವರ್ಷ ಕೊಯ್ಲಿಗೆ ಮೊದಲು ಗ್ರೀಸ್ ಹಾಕಿಸಿದ್ದರಿಂದ ಬೇರಿಂಗ್ ಸದ್ದು ಮಾಡಲಿಲ್ಲ. ನಾನು ಸುಣ್ಣ ಹಿಡಿದೆ, ಇವರು ಎಡಗೈಯಲ್ಲಿ ತಿರುಗಿಸಿದರು. ಮೂರು ಚಕ್ರಕ್ಕೆ ಗೀಟೇ ಬೀಳಲಿಲ್ಲ; ನಾಲ್ಕನೆಯದಕ್ಕೆ ಉಗುರಿನಷ್ಟು. ಹೊರಡುವ ಮೊದಲು ಕಾರಿನ ಆ್ಯಕ್ಸಲ್ಲಿನ ಅಳತೆಯನ್ನು ದಾರದಲ್ಲಿ ಹಿಡಿದು ಗಂಟು ಹಾಕಿಕೊಂಡಿದ್ದೆವು. ಟ್ರೇಲರಿನದಕ್ಕೆ ಹಿಡಿದರೆ ಗಂಟಿಗೆ ಗಂಟು ಕೂಡಿತು.

ಸುದ್ದಿ ತಿಳಿದು ಗೌಡರು ಬಂಗಲೆಯಿಂದ ಇಳಿದು ಬಂದರು. ಇವರು ವಿಷಯ ಹೇಳಿದರು. ಗೌಡರು ನಂಬದವರ ಹಾಗೆ ಟ್ರೇಲರನ್ನೂ ನಮ್ಮನ್ನೂ ನೋಡಿದರು.

"ಸಾಬ್ರೇ, ತಮಾಷೆ ಮಾಡ್ತಿದೀರಾ? ಗೊಬ್ಬರದ ಗಾಡಿ ಚಕ್ರ ಹಾಕ್ಕಂಡು ನನ್ ಮಗಳು ಗಂಡನ ಮನೆಗೆ ಹೋಗದಾ? ಕಳಸದೋರು ಏನಂತಾರೆ?"

ಇವರು ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ.

"ಗೌಡ್ರೇ, ನಿಮ್ಮ ತೋಟದ ಹಣ್ಣೆಲ್ಲ ಇಷ್ಟು ವರ್ಷ ಇದೇ ಚಕ್ರದ ಮೇಲೆ ತಾನೇ ಬಂದದ್ದು? ಒಂದು ಸಲವಾದ್ರೂ ದಾರೀಲಿ ಬಿಟ್ಟು ಹೋಗಿದ್ಯಾ?"

ಗೌಡರು ಹತ್ತಿರ ಬಂದರು. ಟ್ರೇಲರಿನ ಒಂದು ಚಕ್ರಕ್ಕೆ ಕಾಲಿನಿಂದ ಮೆಲ್ಲಗೆ ಒದ್ದರು. ಆಮೇಲೆ ಹೆಬ್ಬೆಟ್ಟಿನಿಂದ ಅದರ ತಗಡನ್ನು ಒತ್ತಿದರು, ನಮ್ಮ ಶೆಡ್ಡಿನಲ್ಲಿ ಒತ್ತಿದ ಹಾಗೇ. ಒತ್ತಿದ್ದು ಸಾಲದೆಂಬಂತೆ ಇನ್ನೊಮ್ಮೆ ಒತ್ತಿದರು.

"ನಿಮ್ಮ ಮನೆಯೋರು ಲಾಯರ್ ಆಗ್ಬೇಕಿತ್ತು ಸಾಬ್ರೇ," ಎಂದು ಕೊನೆಗೆ ನಕ್ಕರು. "ಬಿಚ್ಚಿ. ಆದ್ರೆ ಕಪ್ಪು ಬೇಡ, ಕೆನೆ ಬಣ್ಣ ಹೊಡೀರಿ. ಅಪ್ಪಯ್ಯನ ಅಂಗಿ ಬಣ್ಣ."

ಮದುವೆಗೆ ಒಂಬತ್ತು ದಿನ ಉಳಿದಿತ್ತು. ಟ್ರೇಲರಿನ ಹಬ್ಬು, ಡ್ರಮ್ಮುಗಳು ಸುಲಭವಾಗಿ ಬಂದವು. ಕಾರಿನ ಮುಂದಿನ ಎರಡೂ, ಹಿಂದಿನ ಬಲಗಡೆಯದೂ ಬಂದವು. ಹಿಂದಿನ ಎಡಗಡೆಯದು ಬರಲಿಲ್ಲ. ಆ್ಯಕ್ಸಲ್ಲಿನ ಮೇಲೆ ಇಳಿಜಾರಾಗಿ ಕಚ್ಚಿಕೊಂಡು ಕೂತ ಹಬ್ಬು ಅದು. ಹಬ್ಬನ್ನು ಎಳೆದು ಕೀಳುವ ಮೂರು ಕಾಲಿನ ಪುಲ್ಲರ್ ಹಾಕಿ ನಡುವಿನ ಬೋಲ್ಟನ್ನು ನಾನು ಎರಡೂ ಕೈಯಿಂದ ಎಳೆದೆಳೆದು ಬಿಗಿದೆ. ಕುದಿಯುವ ನೀರಲ್ಲಿ ಅದ್ದಿದ ಗೋಣಿ ಸುತ್ತಿದೆ. ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಹೊಡೆದೆ. ಎರಡು ದಿನ ಕದಲಲಿಲ್ಲ. ಬಾಯಾರಿಕೆಗೆ ಕಣ್ಣು ಮಂಜಾಗುತ್ತಿತ್ತು. ಇವರು, "ಸಾಕು, ಕೂತ್ಕೊ," ಎಂದರು. ಬಿಗಿದದ್ದನ್ನು ಸಡಿಲಿಸದೆ ಹಾಗೇ ಬಿಡಲು ಹೇಳಿದರು. "ಅದಕ್ಕೂ ಸ್ವಲ್ಪ ಯೋಚ್ನೆ ಮಾಡ್ಲಿಕ್ಕೆ ಬಿಡು."

ಮೂರನೆಯ ಮಧ್ಯಾಹ್ನ ಒಳಗೆ ನಮಾಝಿಗೆ ನಿಂತಿದ್ದೆ. ಶೆಡ್ಡಿನಲ್ಲಿ 'ಢಂ' ಎಂದು ಗುಂಡು ಹಾರಿದಂಥ ಸದ್ದು. ಜಾಕಿ ಮತ್ತೆ ಜಾರಿತೇ? ನಮಾಝ್ ಮುರಿದು ಓಡಲೇ ಎಂದುಕೊಳ್ಳುವಷ್ಟರಲ್ಲಿ ಇವರ ನಗು ಕೇಳಿತು. ಜೋರಾಗಿ, ಒಬ್ಬರೇ ನಗುತ್ತಿದ್ದರು. ಸಲಾಂ ಹೇಳಿ ಮುಗಿಸಿ ಹೊರಗೆ ಬಂದರೆ ಹಬ್ಬು ಪುಲ್ಲರ್ ಸಮೇತ ನೆಲದ ಮೇಲೆ. ಆ ಕೈ ಮುರಿದ ಮೇಲೆ ಇವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಣ್ಣು ಕೆರೆದು, ತಿಕ್ಕಿ, ಕೆನೆ ಬಣ್ಣ ಬಳಿದೆ. ಹೊಸ ಟ್ಯೂಬು, ಹೊಸ ಟೈರು. ಐದು ಬೋಲ್ಟನ್ನು ವರಸೆಯಾಗಿ ಬಿಗಿಯಬಾರದು. ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ. ಮುಂದಿನ ಬಲಗಡೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿನ ಅಂಚಿಗೆ ತಾಗುತ್ತಿತ್ತು. ಅಂಚನ್ನು ಒಳಗೆ ಮಡಚಿದೆವು. ಕೊನೆಯ ಬೋಲ್ಟನ್ನು ಇವರು ತಮ್ಮ ಬಲಗೈಯಿಂದಲೇ ಬಿಗಿಯುತ್ತೇನೆಂದು ಹಟ ಮಾಡಿದರು. ಅರ್ಧ ತಿರುವಿ, ಹಲ್ಲು ಕಚ್ಚಿ, ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ಅರ್ಧವಾದರೂ ತಿರುಗಿತಲ್ಲ.

ಕೊರಡು ತೆಗೆದು ನಾವಿಬ್ಬರೂ ಸೈಕಲ್ ಶಾಪಿನವರೂ ಸೇರಿ ತಳ್ಳಿದಾಗ ಕಾರು ಒಂದು ಸಲ ನರಳಿ, ಉರುಳಿ, ರಸ್ತೆಗೆ ಹೋಯಿತು. ನಾನು ತಿರುಗಿ ನೋಡಿದೆ. ಬಾಗಿಲು, ಅದರ ಮುಂದೆ ಬರಿಯ ನೆಲ. ನಾಲ್ಕು ಕೊರಡಿನ ಗುಳಿ. ಅಡುಗೆಮನೆಯ ಒಲೆಯವರೆಗೂ ಬಿಸಿಲು. ಕೊಡ ತೆಗೆದುಕೊಂಡು, ಬೇಕೂ ಇಲ್ಲದೆ, ನೆಟ್ಟಗೆ ಎರಡು ಸಲ ಒಳಗೂ ಹೊರಗೂ ನಡೆದೆ. ಸೈಕಲ್ ಶಾಪಿನವರು, "ಅಕ್ಕಂಗೆ ಉಪವಾಸ ತಲೆಗೇರಿತು," ಎಂದರು.

ಇವರು ಪಕ್ಕದಲ್ಲಿ ಕೂತು ಗೌಡರಿಂದಲೇ ಗಾಡಿಯನ್ನು ದೇವರಮನೆ ಬೆಟ್ಟದ ಏರಿನವರೆಗೆ ಓಡಿಸಿದರು. ಇಳಿದು ಬಂದು ಡ್ರಮ್ ಮುಟ್ಟಿ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಿದರು. ಮದುವೆಯ ಮಧ್ಯಾಹ್ನ ಆ ಕಾರು ನಮ್ಮ ಶೆಡ್ಡಿನ ಮುಂದೆಯೇ ಹಾದುಹೋಯಿತು. ಮದುಮಗಳು ಕೈ ಬೀಸಿದಳು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಕಳಸ ಮುಟ್ಟಿದ ಸುದ್ದಿ ಬಂತು. ಚಕ್ರದ ಬಗ್ಗೆ ಗಂಡಿನ ಕಡೆಯವರು ಏನಂದರೋ ನಮಗೆ ತಿಳಿಯಲಿಲ್ಲ, ಗೌಡರೂ ಹೇಳಲಿಲ್ಲ.

ಕಡ್ಡಿಯ ಚಕ್ರಗಳನ್ನು ಗೌಡರು ವಾಪಸು ಒಯ್ಯಲಿಲ್ಲ. ನಾನು ಮೊದಲು ಬಿಗಿದು ಬೆಂಡು ತೆಗೆದಿದ್ದ ಚಕ್ರವನ್ನು ಇವರು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. 

ಜುಲೈಯಲ್ಲಿ ಮಳೆ ಹಿಡಿದಿತ್ತು. ಶೆಡ್ಡಿನಲ್ಲಿ ಒಂದು ಜೀಪು ಬಿಚ್ಚಿಕೊಂಡು ನಿಂತಿತ್ತು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. 'ಟಣ್' ಎಂದು ಏನೋ ಮುರಿದ ಸದ್ದು, ಆಮೇಲೆ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು. ಇವರು ಜೀಪಿನಡಿಯಿಂದ ಹೊರಗೆ ಬಂದರು. ಗೋಡೆಯ ಚಕ್ರದ ಒಂದು ಕಡ್ಡಿ ತುಂಡಾಗಿ ಕೆಳಗೆ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಭಾರ ಹೇರಿರಲಿಲ್ಲ, ತಿರುವಿನಲ್ಲಿ ತಿರುಗಿಸಿರಲಿಲ್ಲ. ನಾನು ಕೊಟ್ಟ ಬಿಗಿಯನ್ನೇ ಅದು ತಾಳಿರಲಿಲ್ಲ.

ಇವರು ಆ ತುಂಡನ್ನು ಎತ್ತಿ, ನೋಡಿ, ಚಕ್ರದ ಕೆಳಗಿನ ಗೂಡಿನಲ್ಲಿಟ್ಟರು. ನಾಲ್ಕು ದಿನ ಬಿಟ್ಟು ಇನ್ನೊಂದು ಬಿತ್ತು. ಆಮೇಲೆ ಒಂದೇ ವಾರದಲ್ಲಿ ಎರಡು. ಪ್ರತಿ ಸಲವೂ ಇವರು ಕೆಲಸ ನಿಲ್ಲಿಸಿ, ಎತ್ತಿ, ಗೂಡಿನಲ್ಲಿಡುತ್ತಿದ್ದರು.

ಆಗಸ್ಟಿನ ಹೊತ್ತಿಗೆ ಗೂಡಿನಲ್ಲಿ ಆರು ತುಂಡುಗಳಿದ್ದವು. ಒಂದು ಮಧ್ಯಾಹ್ನ ಮತ್ತೆ 'ಟಣ್' ಎಂದಿತು. ನಾನು ಒಲೆಯ ಮುಂದೆಯೇ ಇದ್ದೆ. ಬಾಗಿಲು ತೆರೆದೇ ಇತ್ತು.

"ಏಳನೇದು," ಎಂದರು ಇವರು ಶೆಡ್ಡಿನಿಂದ, ಒಳಗೆ ಕೇಳುವ ಹಾಗೆ.

"ಅಲ್‌ಹಮ್ದುಲಿಲ್ಲಾಹ್," ಎಂದೆ.

ಈ ಸಲ ಅವರಿಗೆ ಸಿಟ್ಟು ಬರಲಿಲ್ಲ. ತುಂಡನ್ನು ಗೂಡಿನಲ್ಲಿಟ್ಟ ಸದ್ದಿನ ಹಿಂದೆಯೇ, ಮೆಲ್ಲಗೆ, ಅವರೂ ಅದನ್ನೇ ಹೇಳಿದ್ದು ಕೇಳಿತು.